3 ಕೂಲರ್, 14 ರಜಾಯಿ: ದೆಹಲಿಯಿಂದ ನಮ್ಮ ಮನೆ ಸಾಗಿಸಿದವರ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಮೂರು ಸ್ಟಾರ್. ಪ್ಯಾಕಿಂಗ್ ಮಾಡಿದ ಹುಡುಗರಿಗೆ ಮಾತ್ರ ಕೊಡುವುದಾದರೆ ಐದಕ್ಕೆ ಐದು. ಫೋನಿನಲ್ಲಿ ಮಾತಾಡುತ್ತಿದ್ದ ಆಫೀಸಿನವರಿಗೆ ಒಂದು ಕೊಟ್ಟರೂ ಜಾಸ್ತಿಯೇ. ಕೂಡಿ ಭಾಗಿಸಿದರೆ ಮೂರು.

ಕಂಪನಿಯ ಹೆಸರು ಹಾಕುತ್ತಿಲ್ಲ. ಹಾಕಿದರೂ ನಿಮಗೆ ಉಪಯೋಗವಿಲ್ಲ. ಈ ಪ್ಯಾಕರ್ಸ್ ಅಂಡ್ ಮೂವರ್ಸ್ ವ್ಯಾಪಾರದಲ್ಲಿ ಒಂದೇ ಹೆಸರನ್ನು ಹಿಂದೆ ಮುಂದೆ ಮಾಡಿ ಹತ್ತು ಜನ ಬೋರ್ಡು ಹಾಕಿಕೊಂಡಿರುತ್ತಾರೆ. ನೀವು ಒಬ್ಬರಿಗೆ ಫೋನ್ ಮಾಡಿದರೆ ಇನ್ನೊಬ್ಬರು ಎತ್ತುತ್ತಾರೆ. ಅದಕ್ಕೆ ಹೆಸರು ಬಿಟ್ಟು, ಏನು ನಡೆಯಿತು ಅಂತ ಬರೆಯುತ್ತೇನೆ. ಮುಂದೆ ಯಾರಾದರೂ ಉತ್ತರದಿಂದ ಈ ಕಡೆ ಮನೆ ಎತ್ತಿಕೊಂಡು ಬರುವವರಿದ್ದರೆ ಓದಿಕೊಳ್ಳಲಿ.

ಸಾಮಾನು ಬಂದಿದ್ದು 2025ರ ಏಪ್ರಿಲ್‌ನಲ್ಲಿ. ನಾನು ಬರೆಯುತ್ತಿರುವುದು ನವೆಂಬರ್ ಕೊನೆಯಲ್ಲಿ. ಒಂದು ನವೆಂಬರ್ ಇಲ್ಲಿ ಕಳೆಯಲಿ, ಆಮೇಲೆ ಬರೆಯೋಣ ಅಂತ ಕಾದು ಕೂತಿದ್ದೆ. "ಲಾರಿಯವನಿಗೆ ಸ್ಟಾರ್ ಕೊಡೋಕೆ ನವೆಂಬರ್ ಯಾಕೆ ಬೇಕು?" ಅಂತ ನಮ್ಮ ಯಜಮಾನರು ನಗುತ್ತಾರೆ. ಅವರಿಗೂ ಗೊತ್ತು ಯಾಕೆ ಅಂತ.

ನಾನು ಮದುವೆಯಾಗಿ ದೆಹಲಿಗೆ ಹೋಗಿದ್ದು 1989ರಲ್ಲಿ. ಎರಡು ಟ್ರಂಕು, ಒಂದು ಹೋಲ್ಡಾಲು ಹಿಡಿದುಕೊಂಡು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ್ದೆವು. ಯಜಮಾನರದು ಕೇಂದ್ರ ಸರ್ಕಾರದ ಕೆಲಸ. ಮೊದಲು ಆರ್.ಕೆ. ಪುರಂ ಕ್ವಾರ್ಟರ್ಸ್, ಆಮೇಲೆ ದ್ವಾರಕಾದಲ್ಲಿ ಸ್ವಂತ ಫ್ಲ್ಯಾಟು. ನಮ್ಮ ಹಿಂದೆಯೇ ಮೈದುನ ಬಂದ. ಅವನ ಹಿಂದೆ ನಾದಿನಿ ನರ್ಸ್ ಕೆಲಸಕ್ಕೆ ಬಂದಳು. ಮಾವ ಹೋದ ಮೇಲೆ ಅತ್ತೆಯನ್ನೂ ಪಾಂಡವಪುರದ ಹತ್ತಿರದ ಹಳ್ಳಿಯಿಂದ ಕರೆಸಿಕೊಂಡೆವು. ಹಾಗೆ ಒಬ್ಬೊಬ್ಬರಾಗಿ ಸೇರಿ ಮೂರು ಮನೆ, ಹನ್ನೊಂದು ಜನ ಆದೆವು. ಹೋಗುವಾಗ ಒಬ್ಬೊಬ್ಬರೇ ಹೋದವರು, ಬರುವಾಗ ಹನ್ನೊಂದೂ ಜನ ಒಂದೇ ಲಾರಿ ಲೆಕ್ಕದಲ್ಲಿ ಬಂದೆವು.

ಯಾಕೆ ಬಂದೆವು ಅಂತ ಎಲ್ಲರೂ ಕೇಳುತ್ತಾರೆ. ಗಾಳಿಗೆ ಅಂದರೆ ಮಂಡ್ಯದ ನೆಂಟರು ನಂಬುವುದಿಲ್ಲ. ಏನೋ ಸಾಲ ಆಗಿರಬೇಕು ಅಂದುಕೊಂಡಿದ್ದಾರೆ.

2024ರ ಬೇಸಿಗೆಯಿಂದಲೇ ಶುರು. ಮೇ 29ಕ್ಕೆ ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 46.8 ಡಿಗ್ರಿ. ಮಹಡಿಯ ಮೇಲಿನ ಟ್ಯಾಂಕಿನ ನೀರಲ್ಲಿ ಕೈ ತೊಳೆಯಲು ಆಗುತ್ತಿರಲಿಲ್ಲ, ಟೀ ಮಾಡಬಹುದಿತ್ತು. ಅದೇ ವರ್ಷ ನವೆಂಬರ್ 18ಕ್ಕೆ ದೆಹಲಿಯ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಅಂಕಿ, 494. ಆ ಅಳತೆಯೇ 500ಕ್ಕೆ ಮುಗಿಯುತ್ತದೆ. ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಭತ್ತದ ಕೂಳೆ ಸುಡುವ ಹೊಗೆ, ಅದರ ಜೊತೆ ಊರಿನ ಗಾಡಿಗಳ ಹೊಗೆ, ಧೂಳು. ಚಳಿಗೆ ಗಾಳಿ ಮೇಲೇಳುವುದಿಲ್ಲ, ಬೀಸುವುದೂ ಇಲ್ಲ. ಎಲ್ಲವೂ ನೆಲಕ್ಕೆ ಅಂಟಿಕೊಂಡು ಕೂತಿರುತ್ತದೆ. ಮೊಮ್ಮಗ ಪುಟ್ಟನಿಗೆ ಆರು ವರ್ಷ. ಸ್ಕೂಲು ಮುಚ್ಚಿ ಆನ್‌ಲೈನ್ ಕ್ಲಾಸು. ಒಂದು ಕೈಯಲ್ಲಿ ಉಬ್ಬಸಕ್ಕೆ ಔಷಧಿಯ ಆವಿ ಕೊಡುವ ನೆಬ್ಯುಲೈಜರ್ ಮುಖವಾಡ ಹಿಡಿದುಕೊಂಡು ಮಗ್ಗಿ ಹೇಳುತ್ತಿದ್ದ. ಅತ್ತೆಗೆ 82. ಅವರು ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, "ಒಲೆ ಮುಂದೆ ಮೂವತ್ ವರ್ಸ ಕೂತೋಳು ನಾನು. ಆ ಹೊಗೆ ಕಣ್ಣಿಗೆ ಬತ್ತಿತ್ತು. ಇದು ಎದೆಗೆ ಬತ್ತದೆ ಕಣವ್ವ" ಅಂದರು. ಅಂದು ರಾತ್ರಿ ಮೂರೂ ಮನೆಯವರು ನಮ್ಮ ಹಾಲಿನಲ್ಲಿ ಸೇರಿದೆವು. ಮೈದುನನದು ಕಂಪ್ಯೂಟರಿನಲ್ಲಿ ಅಂಗಡಿಗಳ ಲೆಕ್ಕ ಬರೆಯುವ ಕೆಲಸ, ಎಲ್ಲಿ ಕೂತರೂ ನಡೆಯುತ್ತದೆ. ಮಗನ ಆಫೀಸು ಬೆಂಗಳೂರಿಗೆ ಬದಲಾಯಿಸಿಕೊಡಲು ಒಪ್ಪಿತು, ವಾರಕ್ಕೆ ಎರಡು ದಿನ ಹೋದರೆ ಸಾಕು. ನಾದಿನಿ ರಿಟೈರ್ ಆಗಿದ್ದಳು. ನಾನೂ ಸ್ಕೂಲಿನ ಕೆಲಸ ಬಿಟ್ಟು ವರ್ಷವಾಗಿತ್ತು. ಬೆಂಗಳೂರು ಬೇಡ ಅಂತ ಎಲ್ಲರೂ ಒಟ್ಟಿಗೆ ಅಂದರು. ನಾವು ಮತ್ತು ನಾದಿನಿ ಮೈಸೂರು, ಮೈದುನ ಮಂಡ್ಯ. ಅವನಿಗೆ ಊರಿನ ಗದ್ದೆ ಹತ್ತಿರ ಇರಬೇಕಂತೆ. ಗದ್ದೆಗೆ ಇಳಿದದ್ದನ್ನು ಈವರೆಗೆ ಯಾರೂ ನೋಡಿಲ್ಲ.

ಡಿಸೆಂಬರ್‌ನಲ್ಲೇ ಹೊರಡೋಣ ಅಂದುಕೊಂಡರೆ ಲಾರಿಯೇ ಇಲ್ಲ. ಗಾಳಿ ಅಷ್ಟು ಕೆಟ್ಟಾಗ ದೆಹಲಿಯಲ್ಲಿ ಗ್ರಾಪ್ ಅಂತ ಒಂದು ನಿಯಮ ಜಾರಿಗೆ ಬರುತ್ತದೆ. ಅದರ ನಾಲ್ಕನೇ ಹಂತದಲ್ಲಿ ಅಗತ್ಯ ಸಾಮಾನು ತರುವ ಲಾರಿ, ಸಿಎನ್‌ಜಿ ಲಾರಿ, ಹೊಗೆ ಕಡಿಮೆ ಬಿಡುವ ಹೊಸ ಬಿಎಸ್-6 ಲಾರಿ ಬಿಟ್ಟು ಉಳಿದ ಲಾರಿಗಳು ಊರೊಳಗೆ ಬರುವ ಹಾಗಿಲ್ಲ. ಹೊಗೆ ತಾಳಲಾರದೆ ಓಡಿಹೋಗೋಣ ಅಂದರೆ, ಹೊಗೆ ಜಾಸ್ತಿ ಇದೆ, ಲಾರಿ ಬರಲ್ಲ ಅಂತಾರೆ! "ಗುರುಗ್ರಾಮದ ಗಡಿವರೆಗೆ ಸಣ್ಣ ಸಿಎನ್‌ಜಿ ಗಾಡಿಯಲ್ಲಿ ಸಾಗಿಸಿ, ಅಲ್ಲಿ ದೊಡ್ಡ ಲಾರಿಗೆ ತುಂಬುತ್ತೇವೆ, 30,000 ಜಾಸ್ತಿ ಆಗುತ್ತೆ" ಅಂದರು. ಎರಡು ಸಲ ತುಂಬಿ ಇಳಿಸಿದರೆ ಗಾಜಿನ ಸಾಮಾನು ಉಳಿಯುತ್ತಾ? ಹೇಗೂ ಪುಟ್ಟನ ಪರೀಕ್ಷೆಯೂ ಇತ್ತು. ಮಾರ್ಚ್‌ಗೆ ಹಾಕಿಕೊಂಡೆವು.

ಮಾರ್ಚ್ ಮೊದಲ ವಾರ ಸರ್ವೆ ಮಾಡಲು ಒಬ್ಬ ಹುಡುಗ ಬಂದ. ಮೂರೂ ಮನೆ ಸುತ್ತಿ, ಮೊಬೈಲಿನಲ್ಲಿ ಒಂದೊಂದೇ ಸಾಮಾನು ಬರೆದುಕೊಂಡ. ಚುರುಕು ಹುಡುಗ. ಬಾಲ್ಕನಿಯಲ್ಲಿದ್ದ ತಗಡಿನ ಡೆಸರ್ಟ್ ಕೂಲರ್ ನೋಡಿ, "ಮೈಸೂರಿನಲ್ಲಿ ಇದು ಬೇಕಾಗುತ್ತಾ ಆಂಟಿ?" ಅಂತ ಹಿಂದಿಯಲ್ಲಿ ಕೇಳಿದ. ನಾನು ಸುಮ್ನೆ ಇರದೆ, "ಹೊಸ ಮೋಟಾರ್ ಹಾಕಿಸಿದ್ದೇವೆ" ಅಂದೆ. ಅವನು ಏನೂ ಅನ್ನದೆ ಬರೆದುಕೊಂಡ. ಆ ಹುಡುಗನ ಮಾತು ಅವತ್ತೇ ಕೇಳಬೇಕಿತ್ತು.

ಮೂರು ಮನೆಗೆ ಸೇರಿ 32 ಅಡಿಯ ಒಂದು ಕಂಟೇನರ್ ಲಾರಿ. ಪ್ಯಾಕಿಂಗ್, ತುಂಬುವುದು, ಇಳಿಸುವುದು ಸೇರಿ 1,85,000 ರೂಪಾಯಿ. ಅದರ ಮೇಲೆ ಶೇಕಡ 18 ಜಿಎಸ್‌ಟಿ. ನಾವು ಐದು ಕಡೆ ಕೇಳಿದ್ದೆವು. ಒಬ್ಬರು 1,10,000 ಅಂದಿದ್ದರು. ಅದು ಪಾರ್ಟ್ ಲೋಡ್. ಅಂದರೆ ನಮ್ಮ ಸಾಮಾನಿನ ಜೊತೆ ಇನ್ನು ಯಾರ್ಯಾರದೋ ಸಾಮಾನು, ದಾರಿಯಲ್ಲಿ ಗೋದಾಮಿನಲ್ಲಿ ಇಳಿಸಿ ಮತ್ತೆ ತುಂಬುವುದು. ಬೇಡ ಅಂದೆವು. ಅದೊಂದು ಒಳ್ಳೆಯ ಕೆಲಸ ಮಾಡಿದೆವು.

ಇನ್ಶೂರೆನ್ಸ್ ಅಂತ ಸಾಮಾನಿನ ಬೆಲೆಯ ಶೇಕಡ 3 ಕೇಳಿದರು. ಏಳು ಲಕ್ಷ ಅಂತ ಬರೆಸಿ 21,000 ಕೊಟ್ಟೆವು. ಇದರ ಕಥೆ ಮುಂದಿದೆ.

ಪ್ಯಾಕಿಂಗ್ ಮಾರ್ಚ್ 24 ಮತ್ತು 25. ಬಿಹಾರದ ಆರು ಹುಡುಗರು. ಅವರ ಕೈ ನೋಡಬೇಕಿತ್ತು! ಒಂದೊಂದು ಸ್ಟೀಲ್ ಲೋಟವನ್ನೂ ಪೇಪರಿನಲ್ಲಿ ಸುತ್ತಿದರು. "ಸ್ಟೀಲ್ ಬೇಡಪ್ಪ, ಅದು ಒಡೆಯಲ್ಲ" ಅಂದರೆ, "ಒಡೆಯಲ್ಲ, ಆದರೆ ದಾರಿಯುದ್ದಕ್ಕೂ ಉಜ್ಜಿಕೊಂಡು ಗೀರು ಬೀಳುತ್ತೆ" ಅಂದರು. ಮಂಚ ಬಿಚ್ಚಿ, ಅದರ ಬೋಲ್ಟು ನಟ್ಟುಗಳನ್ನು ಸಣ್ಣ ಚೀಲಕ್ಕೆ ಹಾಕಿ, ಆ ಚೀಲವನ್ನು ಅದೇ ಮಂಚದ ಹಲಗೆಗೆ ಟೇಪ್ ಸುತ್ತಿ ಅಂಟಿಸಿದರು. ದೇವರ ಫೋಟೋಗಳನ್ನು ಒಬ್ಬ ಹುಡುಗ ಚಪ್ಪಲಿ ಬಿಟ್ಟು ಬಂದು ಪ್ಯಾಕ್ ಮಾಡಿದ. ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಅವರಿಗೆ ಬಿಸಿಬೇಳೆಬಾತ್ ಮಾಡಿ ಹಾಕಿದೆ. "ಸೌತ್ ಕಾ ಖಿಚಡಿ" ಅಂತ ಎರಡೆರಡು ಸಲ ಹಾಕಿಸಿಕೊಂಡರು. ಖಿಚಡಿ ಅಂದಿದ್ದಕ್ಕೆ ಸ್ಟಾರ್ ಕಡಿಮೆ ಮಾಡಿಲ್ಲ.

ಮೂರು ಮನೆಯ ಸಾಮಾನು ಕಲೆಸಿಹೋಗಬಾರದು ಅಂತ ಓರಗಿತ್ತಿ ಒಂದು ಉಪಾಯ ಮಾಡಿದ್ದಳು. ನಮ್ಮದಕ್ಕೆ ಹಳದಿ ಟೇಪ್, ಅವರದಕ್ಕೆ ಕೆಂಪು, ನಾದಿನಿಯದಕ್ಕೆ ಹಸಿರು. ಅರ್ಧಕ್ಕೆ ಬರುವಷ್ಟರಲ್ಲಿ ಹಳದಿ ಟೇಪ್ ಮುಗಿಯಿತು. ಅತ್ತೆ ಅರಿಶಿನ ಕಲಸಿಕೊಂಡು ಬಂದು ಡಬ್ಬಗಳಿಗೆ ಮೂರು ಬೆರಳಿನ ಗೆರೆ ಎಳೆದರು. ಆ ಉಪಾಯ ಹೇಗೆ ಕೈಹಿಡಿಯಿತು ಅಂದರೆ, ಇಲ್ಲಿ ಇಳಿಸಲು ಬಂದವರು ಮೈಸೂರಿನ ಹುಡುಗರು. ಅಲ್ಲಿನವರು ಡಬ್ಬದ ಮೇಲೆ ಹಿಂದಿಯಲ್ಲಿ ಬರೆದ "ರಸೋಯಿ", "ಮಾತಾಜಿ ಕಾ ಸಾಮಾನ್" ಇವರಿಗೆ ಓದಲು ಬರಲಿಲ್ಲ. ಅರಿಶಿನ ಎಲ್ಲರಿಗೂ ಗೊತ್ತಾಯಿತು.

ಗ್ಯಾಸ್ ಸಿಲಿಂಡರ್ ಅವರು ತರುವುದಿಲ್ಲ, ತರಲೂಬಾರದು. ಸಿಲಿಂಡರ್, ರೆಗ್ಯುಲೇಟರ್ ಅಲ್ಲೇ ಒಪ್ಪಿಸಿ ಚೀಟಿ ತೆಗೆದುಕೊಂಡರೆ ಇಲ್ಲಿ ಹೊಸ ಕನೆಕ್ಷನ್ ಸುಲಭ. ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ ಒಣಗಿಸಿಡಿ. ವಾಷಿಂಗ್ ಮೆಷಿನ್ ಮುಂದೆ ಬಾಗಿಲಿರುವ ತರಹದ್ದಾದರೆ, ಕೊಂಡಾಗ ಅದರ ಹಿಂದೆ ನಾಲ್ಕು ಉದ್ದ ಬೋಲ್ಟು ಬಂದಿರುತ್ತವೆ. ಡ್ರಮ್ಮು ಅಲುಗಾಡದ ಹಾಗೆ ಹಿಡಿದಿಡಲು. ಅವನ್ನು ಹುಡುಕಿ ಹಾಕಿಸಿ. ನಮ್ಮ ಬೋಲ್ಟುಗಳು ಎಲ್ಲಿವೆ ಅಂತ ಯಜಮಾನರಿಗೆ ಗೊತ್ತಿತ್ತಂತೆ. ಗೊತ್ತಿದ್ದ ಜಾಗದಲ್ಲಿ ಇರಲಿಲ್ಲ.

ಈಗ ಅಸಲು ತಪ್ಪಿಗೆ ಬರುತ್ತೇನೆ.

ಬೆಂಗಳೂರಿನಿಂದ ಬರುವಾಗ ಮೊದಲು ಸಿಗುವುದು ಮಂಡ್ಯ, ಆಮೇಲೆ ಮೈಸೂರು. ಇದು ಈ ಕಡೆಯ ಸಣ್ಣ ಮಕ್ಕಳಿಗೂ ಗೊತ್ತು. ಹಾಗಾದರೆ ಮಂಡ್ಯದ ಸಾಮಾನು ಲಾರಿಗೆ ಕೊನೆಯಲ್ಲಿ ತುಂಬಬೇಕು, ಬಾಗಿಲ ಹತ್ತಿರ ಇರಬೇಕು. ನಾನು ಆಫೀಸಿನವರಿಗೆ ಮೂರು ಸಲ ಹೇಳಿದ್ದೆ. "ನೋಟ್ ಮಾಡಿಕೊಂಡಿದ್ದೇವೆ ಮೇಡಂ" ಅಂದಿದ್ದರು. ತುಂಬುವ ದಿನ ಲಾರಿ ಮೊದಲು ಮೈದುನನ ಮನೆ ಮುಂದೆ ಹೋಗಿ ನಿಂತಿತು. ಅದು ಮುಖ್ಯ ರಸ್ತೆಗೆ ಹತ್ತಿರ, ಅವರಿಗೆ ಅನುಕೂಲ. ನಾವು ನಮ್ಮ ಮನೆಯಲ್ಲಿ ಪ್ಯಾಕಿಂಗ್ ನೋಡುತ್ತಾ ಕೂತಿದ್ದೆವು. ಲಾರಿ ನಮ್ಮ ಗೇಟಿಗೆ ಬಂದಾಗ ಮಂಡ್ಯದ ಮನೆ ಪೂರ್ತಿ ಒಳಗೆ, ಗೋಡೆಗೆ ಒತ್ತಿ ಕೂತಿತ್ತು. ತೆಗೆದು ಮತ್ತೆ ತುಂಬಿ ಅಂದರೆ ರಾತ್ರಿ ಹತ್ತು ಗಂಟೆ, ಹುಡುಗರು ಸುಸ್ತಾಗಿದ್ದರು. ಮೈದುನ, "ಇರಲಿ ಬಿಡಿ ಅತ್ತಿಗೆ, ಅಲ್ಲಿ ಹೋಗಿ ನೋಡ್ಕೊಳ್ಳೋಣ" ಅಂದ. ನಮ್ಮ ಮನೆಯವರ ದೊಡ್ಡ ಕಾಯಿಲೆ ಇದು, ಇರಲಿ ಬಿಡಿ.

ಆರು ದಿನ ಅಂದಿದ್ದ ಲಾರಿ ಹತ್ತು ದಿನ ತೆಗೆದುಕೊಂಡಿತು. ನಾವು 27ಕ್ಕೆ ವಿಮಾನದಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಕಾರಿನಲ್ಲಿ ಮೈಸೂರು ಸೇರಿದೆವು. ವಿಜಯನಗರ 4ನೇ ಹಂತದಲ್ಲಿ ಬಾಡಿಗೆ ಮನೆ, ಖಾಲಿ. 30ಕ್ಕೆ ಯುಗಾದಿ. ಒಂದು ಪಾತ್ರೆ ಇಲ್ಲ, ಮಣೆ ಇಲ್ಲ. ಬೇವು ಎದುರಿನ ಮರದ್ದು, ಬೆಲ್ಲ ಅಂಗಡಿಯದ್ದು. ಪೇಪರ್ ತಟ್ಟೆಯಲ್ಲಿ ಇಟ್ಟು ದೇವರಿಲ್ಲದ ದೇವರಮನೆಗೆ ಕೈಮುಗಿದೆವು. ದೇವರು ಅಷ್ಟು ಹೊತ್ತಿಗೆ ನಾಗಪುರದ ಹತ್ತಿರ ಎಲ್ಲೋ ಬಬಲ್ ಶೀಟ್ ಒಳಗೆ ಇತ್ತು. ಪಕ್ಕದ ಮನೆಯವರು ಮುಖಪರಿಚಯವೂ ಇಲ್ಲದೆ ಒಬ್ಬಟ್ಟು ತಂದುಕೊಟ್ಟರು, ನಾಲ್ಕು ಚಾಪೆ ಕೊಟ್ಟರು. ಮೂವತ್ತೈದು ವರ್ಷ ಆದಮೇಲೆ ಕನ್ನಡದಲ್ಲಿ ಸಾಲ ಕೇಳುವುದು ಹೇಗೆ ಅಂತ ಅವತ್ತು ನೆನಪಾಯಿತು.

ಆಫೀಸಿಗೆ ಫೋನ್ ಮಾಡಿದರೆ ದಿನಕ್ಕೊಂದು ಕಥೆ. ಒಂದು ದಿನ "ಗಾಡಿ ಹೈದರಾಬಾದ್ ದಾಟಿದೆ". ಮಾರನೇ ದಿನ "ನಾಗಪುರದಲ್ಲಿದೆ". ಲಾರಿ ಹಿಂದಕ್ಕೆ ಓಡುತ್ತಿದೆಯಾ ಅಂತ ಮಗ ಕೇಳಿದ. ಇನ್ನೊಂದು ದಿನ "ಗಡಿಯಲ್ಲಿ ಇ-ವೇ ಬಿಲ್ ಸಮಸ್ಯೆ, 8,000 ಕಟ್ಟಬೇಕು" ಅಂದರು. ಇ-ವೇ ಬಿಲ್ ಅಂದರೆ ಸರಕು ಸಾಗಿಸುವಾಗ ಜಿಎಸ್‌ಟಿ ಲೆಕ್ಕಕ್ಕೆ ಇಟ್ಟುಕೊಳ್ಳುವ ಚೀಟಿ. ಇದಕ್ಕೆ ಮಾತ್ರ ನನ್ನ ಮೈದುನ ಬಗ್ಗಲಿಲ್ಲ. ಜಿಎಸ್‌ಟಿ ಲೆಕ್ಕ ಬರೆದು ಹೊಟ್ಟೆ ಹೊರೆಯುವವನು ಅವನು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ, ನಿಯಮದಲ್ಲೇ ವಿನಾಯಿತಿ ಇದೆ. "ಯಾವ ಗಡಿ, ಯಾವ ಅಧಿಕಾರಿ, ರಸೀದಿ ಕಳಿಸಿ" ಅಂದ. ರಸೀದಿ ಬರಲಿಲ್ಲ. ಸಮಸ್ಯೆಯೂ ತಾನಾಗಿಯೇ ಹೋಯಿತು. ನಿಮಗೂ ಹೀಗೆ ಕೇಳಿದರೆ ಈ ಒಂದು ಮಾತು ನೆನಪಿಟ್ಟುಕೊಳ್ಳಿ.

ಕೊನೆಗೆ ಲಾರಿ ಡ್ರೈವರ್ ನಂಬರ್ ಸಿಕ್ಕಿತು. ಬಿಲ್ಟಿಯ, ಅಂದರೆ ಸಾಮಾನು ಬುಕ್ ಮಾಡಿದಾಗ ಕೊಡುವ ಲಾರಿ ರಸೀದಿಯ ಮೂಲೆಯಲ್ಲಿ ಯಾರೋ ಪೆನ್ನಿನಲ್ಲಿ ಬರೆದಿದ್ದರು. ರಾಜಸ್ಥಾನದ ಅಲ್ವರ್ ಕಡೆಯವನು. ಅವನು ಒಬ್ಬನೇ ನಿಜ ಹೇಳಿದ್ದು. ಆಫೀಸಿನವರು ಎರಡು ದಿನ ಲಾರಿಯನ್ನು ದೆಹಲಿಯಿಂದ ಬಿಟ್ಟೇ ಇರಲಿಲ್ಲವಂತೆ. ಆಮೇಲೆ ನಾಗಪುರದಲ್ಲಿ ಟಯರ್ ಬದಲಾಯಿಸಿದ್ದು ಒಂದು ದಿನ. ಆಮೇಲಿಂದ ಅವನೇ ದಿನಾ ಸಂಜೆ ಅತ್ತೆಗೆ ಫೋನ್ ಮಾಡುತ್ತಿದ್ದ. ಅತ್ತೆಯ ಹಿಂದಿ ಮಂಡ್ಯದ ಹಿಂದಿ. "ಬೇಟಾ, ಊಟ ಕಿಯಾ? ಕಿದರ್ ಮಡಗಿದೀಯಾ ಗಾಡಿ?" ಅನ್ನುತ್ತಿದ್ದರು. ಅವನಿಗೆ ಅರ್ಥವಾಗುತ್ತಿತ್ತು. "ಕರ್ನೂಲ್, ಮಾತಾಜಿ" ಅನ್ನುತ್ತಿದ್ದ.

ಏಪ್ರಿಲ್ 4ರ ಬೆಳಗ್ಗೆ ಲಾರಿ ಮಂಡ್ಯಕ್ಕೆ ಬಂತು. ಮೈದುನ, ಓರಗಿತ್ತಿ, ಮಕ್ಕಳು ಬೀದಿಗೆ ಬಂದು ನಿಂತಿದ್ದರು. ಬಾಗಿಲು ತೆಗೆದರೆ ಎದುರಿಗೆ ನಮ್ಮ ಕೂಲರ್. ಅದರ ಹಿಂದೆ ನಮ್ಮ ಬೀರು. ಅದರ ಹಿಂದೆ ನಾದಿನಿಯ ಸೋಫಾ. ಅವರ ಮನೆ ಕಾಣುತ್ತಲೇ ಇಲ್ಲ. ಅರ್ಧ ಗಂಟೆ ನೋಡಿ, ಬಾಗಿಲು ಹಾಕಿ, ಲಾರಿ ಮೈಸೂರಿಗೆ ಹೊರಟಿತು. ಓರಗಿತ್ತಿ ಫೋನಿನಲ್ಲಿ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. "ಅಕ್ಕಾ, ನಮ್ಮನೆ ಬಂದು ನಮ್ಮನೆ ಮುಂದೇನೇ ಹೋಯ್ತು" ಅಂದಳು.

ಇಲ್ಲಿ ಇನ್ನೊಂದು. 32 ಅಡಿಯ ಕಂಟೇನರ್ ನಮ್ಮ ಬೀದಿಗೆ ತಿರುಗುವುದಿಲ್ಲ. ಮರದ ಕೊಂಬೆ, ಕೇಬಲ್ ತಂತಿ. ರಿಂಗ್ ರೋಡಿನ ಪಕ್ಕ ನಿಲ್ಲಿಸಿ, ಸಣ್ಣ ಗಾಡಿಗಳಲ್ಲಿ ಐದು ಟ್ರಿಪ್ ಹೊಡೆಸಬೇಕಾಯಿತು. ಆಫೀಸಿನವರು ಫೋನಿನಲ್ಲಿ ಹೊಸ ಲೆಕ್ಕ ಹೇಳಿದರು: ಸಣ್ಣ ಗಾಡಿಗೆ 14,000, ಮಂಡ್ಯಕ್ಕೆ ವಾಪಸ್ ಹೋಗಲು 16,000. "ಕೊಡದಿದ್ದರೆ ಇಳಿಸಲ್ಲ." ರಸ್ತೆ ಬದಿಯಲ್ಲಿ ನಿಂತು ವಾದ ಮಾಡುವುದು ಎಷ್ಟು ಕಷ್ಟ ಗೊತ್ತಾ? ನಿಮ್ಮ ಇಡೀ ಮನೆ ಅವರ ಕೈಯಲ್ಲಿದೆ, ನಿಮ್ಮ ಕೈಯಲ್ಲಿ ಬಿಲ್ಟಿ ಮಾತ್ರ. ಸಣ್ಣ ಗಾಡಿಯ ವಿಷಯ ಕರಾರಿನ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು, ಅದು ನಮ್ಮ ತಪ್ಪು, ಚೌಕಾಸಿ ಮಾಡಿ 12,000 ಕೊಟ್ಟೆವು. ಮಂಡ್ಯದ್ದು ಅವರ ತಪ್ಪು. ನಾನು ಕಳಿಸಿದ್ದ ವಾಟ್ಸಾಪ್ ಮೆಸೇಜು ತೋರಿಸಿದೆ: "ಮಂಡ್ಯದ ಸಾಮಾನು ಕೊನೆಯಲ್ಲಿ ತುಂಬಿ" ಅಂತ, ತಾರೀಖು ಸಮೇತ. ಕೆಳಗೆ ಅವರದೇ "ಓಕೆ ಮೇಡಂ". ಗ್ರಾಹಕ ಸಹಾಯವಾಣಿ 1915ಕ್ಕೆ ಈಗಲೇ ಫೋನ್ ಮಾಡ್ತೀನಿ ಅಂದಳು ನಾದಿನಿ. ಮೂವತ್ತು ವರ್ಷ ವಾರ್ಡ್ ನಡೆಸಿದ ದನಿ ಅವಳದು. ಅವರೇ ಒಪ್ಪಿಕೊಂಡು, ಸಾಮಾನನ್ನು ಎರಡು ಸಣ್ಣ ಲಾರಿಯಲ್ಲಿ 45 ಕಿಲೋಮೀಟರ್ ಹಿಂದಕ್ಕೆ ಕಳಿಸಿದರು. ಹಾಗಾಗಿ ಹೇಳುತ್ತೇನೆ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಬರೆದು ಕಳಿಸಿ.

ಡ್ರೈವರ್ ಮಾತ್ರ ಅವತ್ತು ನಮ್ಮ ಮನೆಯಲ್ಲೇ ಊಟ ಮಾಡಿದ. ಅತ್ತೆ ಮುದ್ದೆ ಬಡಿಸಿದರು. ರಾಗಿ ಎಲ್ಲಿಂದ ಬಂತು ಅಂದರೆ, ಲಾರಿಯಿಂದಲೇ. ಅತ್ತೆಯ ಟ್ರಂಕು ಎತ್ತಲು ಇಬ್ಬರು ಬೇಕಾದಾಗ ನನಗೆ ಅನುಮಾನ ಬಂತು. ತೆಗೆದರೆ ಸೀರೆಗಳ ಕೆಳಗೆ 12 ಕಿಲೋ ರಾಗಿಹಿಟ್ಟು. ದೆಹಲಿಯ ಐಎನ್‌ಎ ಮಾರ್ಕೆಟ್ಟಿನಲ್ಲಿ ಕೊಂಡಿದ್ದು. "ಅಲ್ಲ ಅತ್ತೆ, ಮಂಡ್ಯಕ್ಕೆ ರಾಗಿ ಹೊತ್ಕೊಂಡು ಬಂದ್ರಾ?" ಅಂದೆ. "ಅಲ್ಲಿ ಸಿಗ್ತದೋ ಇಲ್ವೋ ಅಂತ ಮಡಗ್ದೆ" ಅಂದರು. ಪಾಂಡವಪುರದಲ್ಲಿ ಹುಟ್ಟಿದವರು ಹೇಳುವ ಮಾತಾ ಇದು? ಡ್ರೈವರ್ ಮುದ್ದೆಯನ್ನು ಅಗಿಯಲು ನೋಡಿದ. ನುಂಗಬೇಕು ಅಂತ ಪುಟ್ಟ ಹಿಂದಿಯಲ್ಲಿ ಪಾಠ ಮಾಡಿದ.

ಒಡೆದದ್ದು: ಷೋಕೇಸಿನ ಗಾಜು ಒಂದು, ಬೀರುವಿನ ಕಾಲು ಒಂದು. ವಾಷಿಂಗ್ ಮೆಷಿನ್ ಆನ್ ಮಾಡಿದರೆ ಅಡುಗೆಮನೆಯಿಂದ ಹಾಲಿಗೆ ನಡೆದುಕೊಂಡು ಬರುತ್ತಿತ್ತು. ಡ್ರಮ್ ಹೋಗಿತ್ತು. ಕ್ಲೇಮ್ ಕೇಳಿದಾಗ ಗೊತ್ತಾಯಿತು, ನಾವು 21,000 ಕೊಟ್ಟ "ಇನ್ಶೂರೆನ್ಸ್" ಕಾಗದದಲ್ಲಿ ಯಾವ ವಿಮಾ ಕಂಪನಿಯ ಹೆಸರೂ ಇಲ್ಲ, ಪಾಲಿಸಿ ನಂಬರೂ ಇಲ್ಲ. "ರಿಸ್ಕ್ ಕವರ್" ಅಂತ ಅವರದೇ ಲೆಟರ್‌ಹೆಡ್ಡಿನಲ್ಲಿ ಒಂದು ಸಾಲು. ಬಿಲ್ಟಿ ಹಿಂದೆ "ಮಾಲೀಕರ ಹೊಣೆ" ಅಂತ ಮುದ್ರೆ. ನೀವು ಹಣ ಕೊಡುವ ಮೊದಲು ವಿಮಾ ಕಂಪನಿಯ ನಿಜವಾದ ಪಾಲಿಸಿ ಕೇಳಿ. ಕೊಡದಿದ್ದರೆ ಆ ಶೇಕಡ 3 ಉಳಿಸಿಕೊಳ್ಳಿ. ಇನ್ನೊಂದು, 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ ಸಾಮಾನು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು ಅಂತಿದೆ. ಮೈದುನ ಕೊಟ್ಟ. ಮೂರು ತಿಂಗಳು ಮೇಲ್ ಬರೆದ ಮೇಲೆ 6,500 ಬಂತು. ಬೋಲ್ಟು ಹಾಕಿಸದಿದ್ದದ್ದು ನಮ್ಮದೇ ಪಾಲು, ಅಷ್ಟಕ್ಕೇ ಸುಮ್ಮನಾದೆವು.

ಈಗ ಆ ಕೂಲರ್ ಕಥೆ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ತಂಪು, ಅಂತ ಯಜಮಾನರು ಎಲ್ಲರಿಗೂ ಭಾಷಣ ಮಾಡಿದ್ದರು. ಏಪ್ರಿಲ್ ಎರಡನೇ ವಾರ 36 ಡಿಗ್ರಿ. ಅತ್ತೆ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ, "ಇದೇನಾ ನಿನ್ ಗಂಡ ಹೇಳಿದ್ ತಂಪು?" ಅಂದರು. ಕೂಲರ್ ಬಿಚ್ಚಿ, ನೀರು ತುಂಬಿ ಹಾಕಿದೆವು. ಹನ್ನೆರಡು ದಿನ ಓಡಿತು. ಆಮೇಲೆ ಒಂದು ಸಂಜೆ ಗುಡುಗಿ, ಮಾವಿನ ಮಳೆ ಬಂತು. ಅವತ್ತು ಆಫ್ ಮಾಡಿದ್ದು, ಇವತ್ತಿನವರೆಗೂ ಹಾಕಿಲ್ಲ. ಕೂಲರ್ ಕೆಲಸ ಮಾಡುವುದು ಒಣ ಹವೆಯಲ್ಲಿ. ಗಾಳಿಯಲ್ಲಿ ತೇವ ಇದ್ದರೆ ಅದು ಮೈಗೆ ಅಂಟು ಅಂಟು ಮಾಡುತ್ತದೆ, ಅಷ್ಟೇ.

ರಜಾಯಿ, ಅಂದರೆ ಹತ್ತಿ ತುಂಬಿದ ದಪ್ಪ ಹೊದಿಕೆ, ಹದಿನಾಲ್ಕು ತಂದಿದ್ದೆವು. ಒಂದೊಂದರಲ್ಲೂ ಮೂರು ಮೂರು ಕಿಲೋ ಹತ್ತಿ, ಪ್ರತಿ ಅಕ್ಟೋಬರ್‌ನಲ್ಲಿ ಹಿಂಜಿಸಿ ಹೊಲಿಸುತ್ತಿದ್ದದ್ದು. ಇಲ್ಲಿ ಜನವರಿಯಲ್ಲೂ ರಾತ್ರಿ 16 ಡಿಗ್ರಿಯ ಆಸುಪಾಸು, ಒಂದು ಹೊದಿಕೆ ಸಾಕು. ಈ ಸಲ ಮಳೆ ಬೇಗ. ಜೂನ್‌ನಲ್ಲೇ ಕೆಆರ್‌ಎಸ್ 124.80 ಅಡಿ ತುಂಬಿ, ನೆಂಟರೆಲ್ಲ ನೋಡಲು ಹೋದರು. ಆ ಮಳೆಗೆ ಅಟ್ಟದ ಮೇಲಿದ್ದ ರಜಾಯಿಗಳಿಗೆ ಬೂಷ್ಟು ಹಿಡಿಯಿತು. ಮೂರನ್ನು ಬಿಚ್ಚಿ ದಿಂಬು ಮಾಡಿಸಿದೆ. ಎರಡನ್ನು ಮಂಡ್ಯದಲ್ಲಿ ಓರಗಿತ್ತಿ ಹಾಸಿಗೆಯ ಕೆಳಗೆ ಹಾಕಿದ್ದಾಳೆ. ಒಂದರ ಮೇಲೆ ಬೀದಿನಾಯಿ ಮರಿ ಹಾಕಿದೆ. ರೂಮ್ ಹೀಟರ್ ನಾಲ್ಕು, ಅವುಗಳ ಬಗ್ಗೆ ಹೇಳುವುದು ಏನೂ ಇಲ್ಲ. ಅಟ್ಟದಲ್ಲಿವೆ.

ಯಜಮಾನರು ಲೆಕ್ಕ ಹಾಕಿದರು. 32 ಅಡಿಯ ಕಂಟೇನರ್ ಒಳಗೆ ಸುಮಾರು 2,000 ಘನ ಅಡಿ ಜಾಗ. ಕೂಲರ್, ರಜಾಯಿ ಟ್ರಂಕು, ಹೀಟರ್, ಏರ್ ಪ್ಯೂರಿಫೈಯರ್ ಎಲ್ಲ ಸೇರಿ 250 ಘನ ಅಡಿ. ಎಂಟರಲ್ಲಿ ಒಂದು ಭಾಗ. ಅಂದರೆ ಯಾವ ಹವೆ ಬೇಡ ಅಂತ ಬಿಟ್ಟು ಬಂದೆವೋ, ಅದನ್ನೇ 23,000 ರೂಪಾಯಿ ಕೊಟ್ಟು ಜೊತೆಗೆ ತುಂಬಿಸಿಕೊಂಡು ಬಂದಿದ್ದೇವೆ. ಪ್ಯಾಕರ್ಸ್‌ನವರ ತಪ್ಪು ಇದರಲ್ಲಿ ಏನೂ ಇಲ್ಲ. ಅವರ ಹುಡುಗ ಕೇಳಿಯೇ ಕೇಳಿದ್ದ. ಅದಕ್ಕೆ ಅರ್ಧ ಸ್ಟಾರ್ ಜಾಸ್ತಿ ಕೊಡಬೇಕು ಅನಿಸುತ್ತದೆ.

ಪ್ಯೂರಿಫೈಯರ್ ಮಾತ್ರ ಪುಟ್ಟ ಬಿಟ್ಟಿಲ್ಲ. ಅದರ ಮುಖದ ಮೇಲೆ ಧೂಳಿನ ಅಂಕಿ ತೋರಿಸುತ್ತದೆ. ದೆಹಲಿಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತರೂ ಕೆಂಪು ದೀಪ, 300ರ ಮೇಲೆ. ಇಲ್ಲಿ ಕಿಟಕಿ ತೆಗೆದಿಟ್ಟರೂ ಹಸಿರು ದೀಪ, 20, 25. ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲು ಅದನ್ನು ಹಾಕಿ ಅಂಕಿ ಓದುತ್ತಾನೆ, ಆಮೇಲೆ ಆಫ್ ಮಾಡುತ್ತಾನೆ. ದೀಪಾವಳಿ ರಾತ್ರಿ 160ಕ್ಕೆ ಹೋಯಿತು, ಮಾರನೇ ಮಧ್ಯಾಹ್ನ ಇಳಿಯಿತು. ಎದುರಿನ ಖಾಲಿ ಸೈಟಿನಲ್ಲಿ ಯಾರೋ ಕಸಕ್ಕೆ ಬೆಂಕಿ ಹಚ್ಚಿದ ದಿನ 90. ಅವನೇ ಹೋಗಿ ಬಕೆಟ್ ನೀರು ಸುರಿದು ಬಂದ. ಉಬ್ಬಸ ಪೂರ್ತಿ ಹೋಗಿಲ್ಲ, ಸುಳ್ಳು ಹೇಳಬಾರದು. ಆಗಸ್ಟ್‌ನಲ್ಲಿ ಎರಡು ಸಲ ಬಂತು. ಇಲ್ಲಿಯ ಡಾಕ್ಟರು ಪಾರ್ಥೇನಿಯಂ, ಹೂವಿನ ಪುಡಿ ಅಂದರು. ಆದರೆ ನೆಬ್ಯುಲೈಜರ್ ಡಬ್ಬದಿಂದ ಹೊರಗೆ ತೆಗೆದಿಲ್ಲ. ಅದರ ಮೇಲೆ ಅತ್ತೆ ಎಳೆದ ಅರಿಶಿನದ ಮೂರು ಗೆರೆ ಇನ್ನೂ ಹಾಗೇ ಇದೆ.

ನವೆಂಬರ್ 18ಕ್ಕೆ ಬೆಳಗ್ಗೆ ಪುಟ್ಟನನ್ನು ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋಗಿದ್ದೆ. ಅರ್ಧ ಸುತ್ತು ಓಡಿದ, ಉಳಿದರ್ಧ ಕಾಲು ನೋವು ಅಂತ ಎತ್ತಿಸಿಕೊಂಡ. ಹಾಗೆ ನವೆಂಬರ್ ಆಯಿತು. ಅದಕ್ಕೇ ಈಗ ಬರೆದೆ.

ಒಂದು ಕೂಲರನ್ನು ಗುಜರಿಯವನು 700ಕ್ಕೆ ಹೊತ್ತುಕೊಂಡು ಹೋದ. ಇನ್ನೆರಡು ಇವೆ, ಒಂದು ನಮ್ಮಲ್ಲಿ, ಒಂದು ಮಂಡ್ಯದಲ್ಲಿ. ಹೊಸ ಮೋಟಾರ್. ಈ ಕಡೆಯಿಂದ ದೆಹಲಿಗೆ ವರ್ಗವಾಗಿ ಹೋಗುವವರು ಯಾರಾದರೂ ಇದ್ದರೆ ಬಂದು ತೆಗೆದುಕೊಳ್ಳಿ, ಹಣ ಬೇಡ. ಜೊತೆಗೆ ಎಂಟು ರಜಾಯಿ ಕೊಡುತ್ತೇನೆ. ಲಾರಿ ಖರ್ಚು ಮಾತ್ರ ನಿಮ್ಮದು.